ಒಂಬತ್ತು ಹಲ್ಲಿನ ಕುರಿ

ನಮ್ಮಪ್ಪ ಕುರಿಯ ಬಾಯಿ ನೋಡಿ ಅದರ ಜಾತಕ ಹೇಳುತ್ತಿದ್ದ. ಹೆಬ್ಬೆರಳಿನಿಂದ ಕೆಳತುಟಿ ಇಳಿಸಿ, ಎರಡು ಹಲ್ಲು, ನಾಲ್ಕು ಹಲ್ಲು ಎಂದು ಎಣಿಸುವುದು. ಆರು ಹಲ್ಲಿದ್ದರೆ ಭರ್ತಿ ಹರೆಯ, ಎಂಟು ಬಂದರೆ ಬಾಯಿಗೂಡಿತು, ಇನ್ನೇನಿದ್ದರೂ ಮುಪ್ಪು ಎಂದು ತೀರ್ಪು ಕೊಡುವುದು. ಬಾಗೂರಿನ ಸುತ್ತ ಆ ತೀರ್ಪಿಗೆ ಮೇಲ್ಮನವಿ ಇರಲಿಲ್ಲ. ಆ ವಿದ್ಯೆ ಕುರಿಯಲ್ಲೇ ನಿಂತಿದ್ದರೆ ನನಗೂ ತಕರಾರಿರಲಿಲ್ಲ. ಪುಣ್ಯಾತ್ಮ ಅದನ್ನು ಕಾರಿಗೂ ಹಚ್ಚಿದ.

ಎಪ್ಪತ್ತರ ದಶಕದ ನಡುಭಾಗ ಅದು. ನಾನು ಎಸ್ಸೆಸ್ಸೆಲ್ಸಿ ಪಾಸಾಗಿ ಮನೆಯಲ್ಲಿದ್ದೆ. ಟೀಚರ್ ಟ್ರೈನಿಂಗಿಗೆ ಅರ್ಜಿ ಹಾಕಿದ್ದೆ, ಚಿತ್ರದುರ್ಗಕ್ಕೆ ಸಂದರ್ಶನಕ್ಕೆ ಬರಬೇಕೆಂದು ಕಾಗದ ಬಂದಿತ್ತು. ಬೆಳಿಗ್ಗೆ ಹತ್ತೂವರೆಗೆ ಹಾಜರಿರಬೇಕು, ಹೆಸರು ಕೂಗಿದಾಗ ಇಲ್ಲದಿದ್ದವರ ಸೀಟು ಮುಂದಿನವರಿಗೆ ಎಂದು ಅದರಲ್ಲಿ ಟೈಪು ಮಾಡಿತ್ತು. ಅಪ್ಪ ತನ್ನದೊಂದು ಷರತ್ತು ಸೇರಿಸಿದ. "ಸೀಟು ಸಿಕ್ರೆ ಓದು. ಸಿಗ್ಲಿಲ್ಲ ಅಂದ್ರೆ ಬಾಯ್ಮುಚ್ಕಂಡು ಹರಿಯಬ್ಬೆಗೆ ಸೊಸೆಯಾಗಿ ಹೋಗು." ಹರಿಯಬ್ಬೆಯಲ್ಲಿ ನನ್ನ ಸೋದರತ್ತೆಯ ಮಗನಿದ್ದ. ಒಳ್ಳೆಯವನೇ. ಆದರೆ ಕರಿಹಲಗೆಯ ಮುಂದೆ ಸೀಮೆಸುಣ್ಣ ಹಿಡಿದು ನಿಲ್ಲುವ ಆಸೆ ನನ್ನ ಹೊಟ್ಟೆಯೊಳಗೆ ಕೂತುಬಿಟ್ಟಿತ್ತು. ಆ ಆಸೆಗೆ ಅವನು ಬದಲಿಯಾಗುವ ಹಾಗಿರಲಿಲ್ಲ.

ಅಪ್ಪನ ಕಾರಿನ ಕತೆ ಹೇಳಬೇಕು. ಉಣ್ಣೆ ಚೆನ್ನಾಗಿ ಬಂದ ಒಂದು ವರ್ಷ ಹಳೇ ಕಾರೊಂದನ್ನು ತಂದಿದ್ದ. ಓಡಿಸಲು ತಾನೇ ಕಲಿತ, ಅಂದರೆ ಕುರಿ ಅಟ್ಟುವಾಗ ಮಾಡುತ್ತಿದ್ದ ಸದ್ದುಗಳನ್ನೆಲ್ಲ ಕಾರಿಗೂ ಮಾಡುತ್ತಿದ್ದ. ಹಿಂದಿನ ಸೀಟು ಕಿತ್ತು ಟಗರುಗಳನ್ನು ಹೇರುತ್ತಿದ್ದ. ನೆಂಟರು ಬಂದರೆ ಅದೇ ಜಾಗಕ್ಕೆ ಕಂಬಳಿ ಹಾಸಿ ಅವರನ್ನು ಹೇರುತ್ತಿದ್ದ. ಹೀಗೆ ಹಾಲುರಾಮೇಶ್ವರದ ದೇವಸ್ಥಾನಕ್ಕೆ ಒಂಬತ್ತು ಜನ ನೆಂಟರನ್ನು ತುಂಬಿಕೊಂಡು ಹೋಗುವಾಗ ಏರಿನಲ್ಲಿ ಹಿಂದಿನಿಂದ ಕಟಕ್ ಎಂದಿತು. ಎಂಜಿನ್ನು ಗುರುಗುಟ್ಟುತ್ತಲೇ ಇತ್ತು, ಚಕ್ರ ಮಾತ್ರ ತಿರುಗಲೊಲ್ಲದು. ನೆಂಟರು ಇಳಿದು, ದೇವರಿಗೂ ಅಪ್ಪನಿಗೂ ಒಟ್ಟಿಗೇ ಕೈಮುಗಿದು, ನಡೆದೇ ಹೋದರು.

ಸಂದರ್ಶನಕ್ಕೆ ಎರಡು ವಾರ ಇರುವಾಗ ಕಾರನ್ನು ಎಳೆಸಿಕೊಂಡು ಹಿರಿಯೂರಿನ ಗ್ಯಾರೇಜಿಗೆ ಹೋದೆವು. ನನ್ನನ್ನು ಕರೆದುಕೊಂಡು ಹೋದದ್ದು ಅದೇ ಸೀಮೆಯ ಹರಿಯಬ್ಬೆಯ ಅತ್ತೆಗೆ ಒಮ್ಮೆ ತೋರಿಸಿಬಿಡಲಿಕ್ಕೆ. ಅತ್ತೆ ನನ್ನನ್ನು ನೋಡಿದ ರೀತಿಯಲ್ಲಿ, ತುಟಿ ಇಳಿಸಿ ನೋಡಿದಳಾ ಹೇಗೆ ಎಂದು ಈಗಲೂ ಅನುಮಾನವಿದೆ.

ಗ್ಯಾರೇಜಿನ ಮೇಸ್ತ್ರಿ ಕಾರಿನ ಕೆಳಗೆ ನುಗ್ಗಿ ಹೊರಬಂದು, "ಕ್ರೌನು, ಪಿನಿಯನ್ನು ಎಲ್ಡೂ ಹೋಗ್ಯಾವೆ ಯಜಮಾನ್ರೆ. ಬ್ಯಾರೆ ಜೋಡಿ ಹಾಕ್ಬೇಕು" ಎಂದ. ಎಂಜಿನ್ನಿನಿಂದ ಬರುವ ಉದ್ದ ಶಾಫ್ಟಿನ ತುದಿಯಲ್ಲಿ ಪುಟ್ಟ ಹಲ್ಲಿನ ಚಕ್ರ, ಅದು ಪಿನಿಯನ್. ಅದು ತಿರುಗಿಸುವ ದೊಡ್ಡ ಚಕ್ರ ಕ್ರೌನು. ಕ್ರೌನು ತಿರುಗಿದರೆ ಹಿಂದಿನ ಚಕ್ರ ತಿರುಗುತ್ತದೆ. ಮೇಸ್ತ್ರಿ ಎರಡು ಜೋಡಿ ತಂದು ಗೋಣಿಚೀಲದ ಮೇಲಿಟ್ಟ. ಒಂದು ಈ ಕಾರಿನದೇ, ಪಿನಿಯನ್ನಿಗೆ ಒಂಬತ್ತು ಹಲ್ಲು, ಕ್ರೌನಿಗೆ ನಲವತ್ತೊಂದು. ಇನ್ನೊಂದು ಸಾಮಾನು ಹೊರುವ ವ್ಯಾನಿನದು, ಆರಕ್ಕೆ ಮೂವತ್ತೇಳು. ವ್ಯಾನಿನ ಜೋಡಿ ಯಾರಿಗೂ ಬೇಡದೆ ಎಷ್ಟೋ ದಿನದಿಂದ ಮೂಲೆಯಲ್ಲಿ ಬಿದ್ದಿತ್ತೆಂದು ಅದರ ಮೇಲಿನ ಧೂಳೇ ಹೇಳುತ್ತಿತ್ತು. "ಎಲ್ಡೂ ಇದಕ್ಕೆ ಕೂರ್ತಾವೆ. ಯಾವ್ದು ಬೇಕೋ ನೋಡ್ರಿ" ಎಂದ.

ಅಪ್ಪ ಪಂಚೆ ಮೇಲೆತ್ತಿ ಕುಕ್ಕರುಗಾಲಲ್ಲಿ ಕೂತ. ಪಿನಿಯನ್ನನ್ನು ಎಡಗೈಯಲ್ಲಿ ಹಿಡಿದು, ಬಲ ಹೆಬ್ಬೆರಳಿನಿಂದ ಗ್ರೀಸು ಒರೆಸಿ, ಹಲ್ಲು ಎಣಿಸತೊಡಗಿದ. ಆ ಹೆಬ್ಬೆರಳನ್ನು ನಾನು ಬಲ್ಲೆ.

"ಒಂಬತ್ತು ಹಲ್ಲಾ?" ಎಂದ. "ಲೇ, ಎಂಟಕ್ಕೇ ಬಾಯಿ ಕೂಡ್ತೈತೆ. ಒಂಬತ್ತು ಹಲ್ಲಿಂದು ಯಾವ ಸೀಮೇದಪ್ಪ ಇದು? ಒಂದ್ಸಲ ಸತ್ತು ಮತ್ತೆ ಹುಟ್ಟಿರ್ಬೇಕು." ಇನ್ನೊಂದನ್ನು ಎತ್ತಿಕೊಂಡ. ಮುಖ ಅರಳಿತು. "ನೋಡು, ಆರು ಹಲ್ಲು! ಭರ್ತಿ ಹರೇದ್ದು. ಇದನ್ನೇ ಹಾಕು."

ಮೇಸ್ತ್ರಿಗೆ ನಗು ಬಂತು, ಆದರೆ ಮೂಲೆಯ ಧೂಳೂ ನೆನಪಾಯಿತು. "ಏನ್ ಕಣ್ಣು ಯಜಮಾನ್ರೆ ನಿಮ್ದು! ಇದು ಎಳೆಯೋ ಎಳ್ತಕ್ಕೆ ಗುಡ್ಡಾನೇ ಹಿಂದೆ ಬರ್ತೈತೆ" ಎಂದ. ಅದು ಸುಳ್ಳೇನಲ್ಲ. ಗುಡ್ಡ ಎಳೆಯುವಾಗ ಎಷ್ಟು ಹೊತ್ತಾಗುತ್ತದೆ ಎಂಬುದನ್ನಷ್ಟೇ ಅವನು ಹೇಳಲಿಲ್ಲ.

ನನಗೆ ತಡೆಯಲಾಗಲಿಲ್ಲ. ಚೀಲದಿಂದ ಪೆನ್ಸಿಲು ತೆಗೆದು ಭಾಗಾಕಾರ ಮಾಡಿದೆ. "ಅಪ್ಪ, ಆರು ಹಲ್ಲಿಂದಾದ್ರೆ ಶಾಫ್ಟು ಆರು ಸುತ್ತಿಗೂ ಮೇಲೆ ತಿರುಗಿದ್ರೆ ಚಕ್ರ ಒಂದ್ಸುತ್ತು. ಒಂಬತ್ತರದಾದ್ರೆ ನಾಲ್ಕೂವರೇನೇ ಸಾಕು. ಅದೇ ಎಂಜಿನ್ನಿಗೆ ಕಾರು ಜಾಸ್ತಿ ಓಡ್ತೈತೆ."

"ಕುರಿ ಬಾಯಿ ನೋಡಾಕೆ ಬರಲ್ಲ, ನಂಗೆ ಹಲ್ಲಿನ ಲೆಕ್ಕ ಹೇಳಾಕ್ ಬಂದ್ಲು. ಸುಮ್ನಿರೇ" ಎಂದ. ಮೇಸ್ತ್ರಿ ಸ್ಪ್ಯಾನರು ಹುಡುಕುತ್ತ ನನ್ನ ಕಡೆ ನೋಡಲೇ ಇಲ್ಲ. ಹುಡುಗಿಯ ಭಾಗಾಕಾರ ಅಂದರೆ ಆ ಗ್ಯಾರೇಜಿನಲ್ಲಿ ನೊಣದ ಸದ್ದು.

ಕಾರು ರಿಪೇರಿಯಾಗಿ ಬಂತು. ಆಮೇಲೆ ಶುರುವಾದದ್ದು ನಿಜವಾದ ತಮಾಷೆ. ಸ್ಪೀಡು ತೋರಿಸುವ ಮುಳ್ಳಿಗೆ ಲೆಕ್ಕ ಸಿಗುವುದು ಶಾಫ್ಟಿನಿಂದ, ಚಕ್ರದಿಂದಲ್ಲ. ಕೆಳಗೆ ಹಲ್ಲು ಬದಲಾದದ್ದು ಪಾಪ ಅದಕ್ಕೇನು ಗೊತ್ತು? ಕಾರು ಮೂವತ್ತು ಮೈಲಿಯಲ್ಲಿ ಹೋಗುತ್ತಿದ್ದರೆ ಮುಳ್ಳು ನಲವತ್ತು ಎನ್ನುತ್ತಿತ್ತು. ಅಪ್ಪನಿಗೆ ಅಷ್ಟು ಸಾಕು. "ನೋಡ್ದಾ, ಹರೇದ್ದು ಹೆಂಗೆ ಓಡ್ತೈತೆ!" ಎಂದು ಹೊಸದುರ್ಗದ ಹೋಟೆಲಿನವರೆಗೂ ಹೇಳಿಕೊಂಡು ಬಂದ. ಆ ಹೊತ್ತಿಗೆ ಮೈಲಿಗಲ್ಲು ಹೋಗಿ ಕಿಲೋಮೀಟರು ಕಲ್ಲು ಬಂದಿದ್ದವು. ನಾನು ಗಡಿಯಾರ ಹಿಡಿದು ಕೂತೆ. ಮುಳ್ಳು ನಲವತ್ತರಲ್ಲಿದ್ದರೆ ಒಂದು ಕಲ್ಲಿನಿಂದ ಇನ್ನೊಂದಕ್ಕೆ ಒಂದು ನಿಮಿಷ ತುಂಬಬಾರದು. ನಮ್ಮ ಕಾರಿಗೆ ಒಂದೂಕಾಲು ನಿಮಿಷ ಬೇಕಾಯಿತು. ತೋರಿಸಿದೆ. ಅಪ್ಪ ಗಡಿಯಾರ ನೋಡಿದ, ಕಲ್ಲು ನೋಡಿದ, ಮುಳ್ಳು ನೋಡಿದ. ಆಮೇಲೆ, "ಗೌರ್ಮೆಂಟ್ನೋರು ಕಲ್ಲು ದೂರ ದೂರ ನೆಟ್ಟವ್ರೆ ಬಿಡು. ಕೆಲ್ಸಗಳ್ರು" ಎಂದ.

ಸಂದರ್ಶನದ ದಿನ ಬಸ್ಸಿಗೆ ಹೋಗುತ್ತೇನೆಂದು ಅಂಗಲಾಚಿದೆ. "ಮನೇಲಿ ಕಾರು ಇಟ್ಕಂಡು ನನ್ ಮಗ್ಳು ಬಸ್ಸಲ್ಲಿ ನಿಂತ್ಕಂಡು ಹೋಗಾದಾ? ನಡಿ, ಹೋಗಾಣ. ನಲವತ್ತರಲ್ಲಿ ಹೊಡಿತೀನಿ" ಎಂದ. ಅವ್ವ ತಲೆಗೆ ಹೂ ಮುಡಿಸಿ, ಬಾಗಿಲಲ್ಲಿ ನಿಂತು, "ಬೇಗ ಹೋಗ್ರಿ" ಎಂದಳು. ಎಂಟು ಗಂಟೆಗೇ ಹೊರಟೆವು. ಅಪ್ಪ ಹೇಳಿದಂತೆಯೇ ಮುಳ್ಳನ್ನು ನಲವತ್ತರಿಂದ ಇಳಿಸಲಿಲ್ಲ. ಎಂಜಿನ್ನು ಗಂಟಲು ಹರಿಯುವಂತೆ ಕಿರುಚುತ್ತಿತ್ತು. ಹೊಸದುರ್ಗ ದಾಟಿದ ಮೇಲೆ ಒಂದು ಲಾರಿ ನಮ್ಮನ್ನು ಹಿಂದೆ ಹಾಕಿತು. ಆಮೇಲೆ ಇನ್ನೊಂದು. "ಸಾಯಾಕ್ ಹೋಗ್ತಾವ್ನೆ, ಐವತ್ತರ ಮೇಲವ್ನೆ" ಎಂದ ಅಪ್ಪ. ಹೊಳಲ್ಕೆರೆ ಹತ್ತಿರಾಗುವಾಗ ಬಾನೆಟ್ಟಿನಿಂದ ಹಬೆ ಎದ್ದಿತು. ನಿಲ್ಲಿಸಿ ನೀರು ಹುಯ್ದು, ಆರಿಸಿ, ಮತ್ತೆ ಹೊರಟೆವು. ಹೊಳಲ್ಕೆರೆ ದಾಟಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಮತ್ತೆ ಹಬೆ. ಗಡಿಯಾರ ನೋಡಿದೆ. ಒಂಬತ್ತೂ ಮುಕ್ಕಾಲು ಆಗುತ್ತಿತ್ತು.

ಅಪ್ಪ ಡಬ್ಬ ಹಿಡಿದು ನೀರು ಹುಡುಕುತ್ತ ಹೊಲದ ಕಡೆ ಇಳಿದಿದ್ದ. ಹಿಂದಿನಿಂದ ಚಿತ್ರದುರ್ಗದ ಬಸ್ಸಿನ ಹಾರನ್ನು ಕೇಳಿಸಿತು. ನನಗೆ ಏನನ್ನಿಸಿತೋ, ಕಾಗದಪತ್ರದ ಚೀಲ ಎದೆಗವಚಿಕೊಂಡು ರಸ್ತೆಯ ನಡುವೆಯೇ ಹೋಗಿ ನಿಂತು ಎರಡೂ ಕೈ ಎತ್ತಿದೆ. ಬಸ್ಸು ಕೀರ್ ಎಂದು ನಿಂತಿತು. ಅಪ್ಪ ಡಬ್ಬದ ಸಮೇತ ಓಡಿಬಂದ.

"ಏಯ್! ಕಾರು ಬಿಟ್ಟು ಬಸ್ಸು ಹತ್ತೀಯಾ? ಜನ ಏನಂದಾರು? ಹತ್ತಿದ್ರೆ ಮನೆ ಕಡೆ ಬರ್ಬೇಡ, ಹೇಳೀನಿ!"

"ಬರಲ್ಲ ಬಿಡು!" ಎಂದು ಕೂಗಿ ಹತ್ತಿಬಿಟ್ಟೆ. ಜೀವಮಾನದಲ್ಲಿ ಅಪ್ಪನಿಗೆ ಎದುರು ಮಾತಾಡಿದ್ದು ಅದೇ ಮೊದಲು. ಕಂಡಕ್ಟರು ನನ್ನನ್ನೂ ಹಬೆಯಾಡುವ ಕಾರನ್ನೂ ನೋಡಿ, "ಕುಂತ್ಕಳವ್ವ, ಕಾರಿನವ್ರಿಗೆ ನಿಂತು ಅಭ್ಯಾಸ ಇರಲ್ಲ" ಎಂದ. ಇಡೀ ಬಸ್ಸು ನಕ್ಕಿತು. ನಾನು ಕಿಟಕಿಗೆ ಮುಖ ಕೊಟ್ಟು ಅಳುತ್ತ ಕೂತೆ. ಅಪ್ಪ ರಸ್ತೆಯಲ್ಲಿ ಡಬ್ಬ ಹಿಡಿದು ನಿಂತದ್ದು ಸಣ್ಣದಾಗುತ್ತ ಹೋಯಿತು.

ಬಸ್‌ಸ್ಟ್ಯಾಂಡಿನಿಂದ ಓಡಿದೆ. ಅಂಗಳಕ್ಕೆ ಕಾಲಿಡುವಾಗ ನನ್ನ ಹೆಸರು ಎರಡನೇ ಸಲ ಕೂಗುತ್ತಿದ್ದರು. ಕನ್ನಡಕ ಹಾಕಿದ ಮೇಡಂ ಒಬ್ಬರು, "ಯಾಕಮ್ಮ ಇಷ್ಟು ಏದುಸಿರು? ಹೇಗೆ ಬಂದೆ?" ಎಂದರು. "ಕಾರಲ್ಲಿ ಹೊರಟೆ ಮೇಡಂ, ಅದಕ್ಕೇ ತಡ ಆಯ್ತು" ಎಂದೆ. ಅವರಿಗೆ ಅರ್ಥವಾಗಲಿಲ್ಲ, ಆದರೆ ನಕ್ಕರು. ಮಧ್ಯಾಹ್ನ ಪಟ್ಟಿ ಓದಿದರು. ಅದರಲ್ಲಿ ನಾನಿದ್ದೆ.

ಹೊರಗೆ ಬಂದರೆ ಗೇಟಿನ ಹತ್ತಿರ ಬೇವಿನ ಮರದ ಕೆಳಗೆ ಕಾರು. ಅಪ್ಪ ಬಾನೆಟ್ಟಿಗೆ ಒರಗಿದ್ದ, ಅಂಗಿಯೆಲ್ಲ ಮಸಿ. ಬೈಗುಳಕ್ಕೆ ತಯಾರಾಗಿ ಹತ್ತಿರ ಹೋದೆ.

"ಸಿಕ್ತಾ?"

"ಸಿಕ್ತು."

"ಉಂಡ್ಯಾ?"

"ಇಲ್ಲ."

ಹೋಟೆಲಿನಲ್ಲಿ ಉಂಡೆವು. ವಾಪಸು ಬರುವಾಗ ಅಪ್ಪ ಮುಳ್ಳಿನ ಕಡೆ ನೋಡಲಿಲ್ಲ. ಬೆಳಿಗ್ಗೆ ನಾನು ಬಸ್ಸು ಹತ್ತಿದ ಜಾಗ ದಾಟಿದ ಮೇಲೆ, ರಸ್ತೆ ನೋಡುತ್ತಲೇ ಕೇಳಿದ. "ಒಂಬತ್ತು ಹಲ್ಲಿಂದಕ್ಕೆ ಎಷ್ಟು ಸುತ್ತು ಅಂದಿದ್ದೆ?"

"ನಾಲ್ಕೂವರೆ."

"ಬರಕೊಡು."

ಮುಂದಿನ ವಾರ ಹಿರಿಯೂರಿಗೆ ಹೋದೆವು. ಅಪ್ಪ ಮಡಿಸಿದ ಚೀಟಿಯನ್ನು ಜೇಬಿನಿಂದ ತೆಗೆದು ಮೇಸ್ತ್ರಿಯ ಮುಂದೆ ಹಿಡಿದ. ಎರಡು ಭಾಗಾಕಾರ, ಎರಡು ಉತ್ತರ, ಕೆಳಗೆ ಎರಡು ಗೆರೆ. ಮೇಸ್ತ್ರಿ ಓದಿ, ಕಿವಿಯ ಹಿಂದೆ ಕೆರೆದುಕೊಂಡು, "ಲೆಕ್ಕ ಸರಿಯಾಗೈತೆ ಯಜಮಾನ್ರೆ. ಯಾರು ಬರ್ಕೊಟ್ಟಿದ್ದು?" ಎಂದ.

ನಾನು ಮುಂದಿನ ಸೀಟಿನಲ್ಲೇ ಕೂತಿದ್ದೆ. ಅಪ್ಪ ನನ್ನ ಕಡೆ ತಿರುಗಲಿಲ್ಲ.

"ನಮ್ ಟೀಚ್ರು" ಎಂದ.

ನಾನು ಆಗಿನ್ನೂ ಒಂದು ದಿನವೂ ಪಾಠ ಮಾಡಿರಲಿಲ್ಲ.