ಹಿಟ್ಟು ಇನ್ನೂ ಇದೆಯಲ್ಲ

ಅಮ್ಮ ಮಂಡ್ಯದ ಕಡೆಯವಳು, ಮುದ್ದೆ ಕಟ್ಟೋದರಲ್ಲಿ ಎತ್ತಿದ ಕೈ. ಮದುವೆಯಾಗಿ ಸೇರಿದ್ದು ಮಾತ್ರ ವಿಜಯಪುರದಿಂದ ಬಂದು ಬೆಂಗಳೂರಿನ ಬಸವೇಶ್ವರನಗರದಲ್ಲಿ ನೆಲೆಸಿದ ಮನೆತನಕ್ಕೆ. ಅಲ್ಲಿ ಜೋಳದ ರೊಟ್ಟಿಯಿಲ್ಲದೆ ಊಟವೇ ಇಲ್ಲ. ಮೊದಲ ದಿನ ಅವಳು ಅಕ್ಕಿ ರೊಟ್ಟಿಯಂತೆ ಹೆಂಚಿಗೆ ಎಣ್ಣೆ ಸವರಿ, ಅದರ ಮೇಲೆಯೇ ತಟ್ಟಲು ಹೋದಳಂತೆ. ಅಜ್ಜಿ ಇವತ್ತಿಗೂ ಅದನ್ನು ಹೇಳಿಕೊಂಡು ನಗುತ್ತಾಳೆ.

ತಟ್ಟುವಾಗ ಅಂಚು ಬಿರಿದರೆ ಅಮ್ಮ ಮತ್ತೆ ನಾದಿ, "ಹಿಟ್ಟು ಇನ್ನೂ ಇದೆಯಲ್ಲ" ಅನ್ನುತ್ತಿದ್ದಳು. ಹೆಂಚಿನ ಮೇಲೆ ಒಡೆದವನ್ನೆಲ್ಲ ನಾನೂ ಅಪ್ಪನೂ ತಿಂದು ಮುಗಿಸುತ್ತಿದ್ದೆವು. ಮದುವೆಯಾಗಿ ಎಂಟು ವರ್ಷವಾದರೂ ಒಂದು ರೊಟ್ಟಿಯೂ ಸರಿಯಾಗಿ ಉಬ್ಬಿರಲಿಲ್ಲ.

ಒಂದು ಭಾನುವಾರ ನಾನು ಸೈಕಲ್ ಕಲಿಯುತ್ತಾ ಮೂರನೇ ಸಲ ಬಿದ್ದು, ಮಂಡಿ ತರಚಿಕೊಂಡು ಅಡುಗೆಮನೆಗೆ ಬಂದೆ. "ನಂಗೆ ಸೈಕಲ್ಲೇ ಬೇಡಮ್ಮ" ಅಂದೆ. ಅಮ್ಮನಿಗೆ ಕೇಳಿಸಲೇ ಇಲ್ಲ. ಹೆಂಚಿನ ಮೇಲಿನ ರೊಟ್ಟಿ ಚೆಂಡಿನ ಹಾಗೆ ಉಬ್ಬಿ ನಿಂತಿತ್ತು!

"ಅತ್ತೆ, ಬೇಗ ಬನ್ನಿ!" ಎಂದು ಕೂಗಿದಳು. ಅಜ್ಜಿ ಬಂದು, ಹಿಟ್ಟು ಮೆತ್ತಿದ ಅವಳ ಕೈ ಹಿಡಿದು, "ಈಗ ನೀ ನಮ್ಮಾಕಿ ಆದಿ ನೋಡವ್ವಾ" ಅಂದಳು.

ಮುಂದಿನ ರೊಟ್ಟಿ ತಟ್ಟುವಾಗಲೇ ಬಿರಿಯಿತು. ಅಮ್ಮ ಅದನ್ನು ನೋಡಿ, ನನ್ನ ಮಂಡಿ ನೋಡಿ, ಜೋರಾಗಿ ನಕ್ಕಳು. ಅವಳು "ಹಿಟ್ಟು ಇನ್ನೂ..." ಅನ್ನುವ ಮೊದಲೇ ನಾನು ಸೈಕಲ್ ಹತ್ತಿರ ಓಡಿದ್ದೆ.