ಗಾಲ್ಫ್ ಕೋಲಿಗೊಂದು ಮುಹೂರ್ತ
ದಾದರಿನ ಚಾಳಿನಲ್ಲಿದ್ದ ಬಿಜಾಪುರದ ಶೆಟ್ಟೆಪ್ಪನವರಿಗೆ ಹೊಸ ಗಾಲ್ಫ್ ಕೋಲುಗಳನ್ನು ಯಾವ ತಿಂಗಳಲ್ಲಿ ಕೊಳ್ಳಬೇಕೆಂಬುದು ಐದು ವರ್ಷಗಳ ಚಿಂತೆ. ವಿಲಾಯತಿ ಕಂಪನಿಯೊಂದರ ಹೆಡ್ ಕ್ಲಾರ್ಕರಾದ ಅವರು ಲೋಕಲ್ ರೈಲಿಗೆ ಕಾಯುವಾಗಲೂ ನಿಂತಲ್ಲಿ ನಿಲ್ಲದೆ ಕೊಡೆ ಬೀಸುತ್ತ ತರ್ಕಿಸುವರು: “ದೀಪಾವಳಿಗೆ ಹೊಸಾ ಮಾಲು ಬರತೈತಿ, ಆದ್ರ ತುಟ್ಟಿ. ಏಪ್ರಿಲ್‌ನಾಗ ಸಾಹೇಬರು ವಿಲಾಯತಿಗೆ ಹೊಂಟಾಗ ಗಿರಾಕಿ ಇಲ್ದ ಸೋವಿ ಸಿಗತಾವ, ಆದ್ರ ಹಿಂದೇ ಮಳಿಗಾಲ, ಬರೇ ತುಕ್ಕು!” “ಹಂಗಾರ ಯಾವಾಗ ತರತೀರಿ?” ಎಂದು ಹೆಂಡತಿ ಚನ್ನವ್ವ ಕೇಳಿದರೆ, “ಅವಸರ ಮಾಡಬ್ಯಾಡ” ಎನ್ನುತ್ತ ತಾವೇ ಚಾಳಿನ ಗ್ಯಾಲರಿಯುದ್ದಕ್ಕೂ ದಡಬಡಿಸುವರು. ಆಫೀಸಿನ ಸಾಹೇಬರೂ ಅವರನ್ನು ಕೇಳಿಯೇ ಕೋಲು ಕೊಳ್ಳುತ್ತಿದ್ದರು. ಶೆಟ್ಟೆಪ್ಪನವರು ಪ್ರತಿ ಶನಿವಾರ ಫೋರ್ಟಿನ ಆಟದ ಸಾಮಾನಿನ ಅಂಗಡಿಗೆ ಹೋಗಿ, ಕೋಲುಗಳನ್ನು ಎತ್ತಿ, ಸವರಿ, ಮರಳಿ ಇಟ್ಟು ಬರುವರು. ಒಂದು ಶನಿವಾರ ಅಲ್ಲಿನ ಸೇಲ್ಸ್‌ಮನ್, ಮಂಗಳೂರಿನ ರಮಾನಾಥ, ನೆಲಕ್ಕೊಂದು ಚೆಂಡಿಟ್ಟು, “ಇವತ್ತು ಒಮ್ಮೆ ಹೊಡೆದೇ ಬಿಡಿ ಮಾರಾಯ್ರೆ” ಎಂದ. ಶೆಟ್ಟೆಪ್ಪನವರು ಕೈಯಲ್ಲಿದ್ದ ಕೋಲನ್ನು ಕೆಳಗಿಳಿಸಿದರು. “ಹೆಂಗ ಹೊಡೀಬೇಕೋ ಗೊತ್ತಿಲ್ರೀ. ಸಾಹೇಬರ ಕ್ಲಬ್ಬಿನ ಒಳಗ ನಮ್ಮಂಥವರನ್ನ ಯಾರ ಬಿಡತಾರ? ಹದಿನೆಂಟು ವರ್ಷ ಬೇಲಿ ಹೊರಗ ನಿಂತು ನೋಡೇನಿ, ಅಷ್ಟ.” ರಮಾನಾಥ ಅವರ ಬೆರಳುಗಳನ್ನು ಒಂದೊಂದಾಗಿ ಕೋಲಿನ ಮೇಲೆ ಕೂರಿಸಿದ. ಶೆಟ್ಟೆಪ್ಪನವರು ಬೀಸಿದ ಹೊಡೆತಕ್ಕೆ ಚೆಂಡು ಹೊಸ್ತಿಲು ದಾಟಿ ಟ್ರಾಮ್ ಹಳಿಯತ್ತ ಉರುಳಿತು. “ಇದನ್ನ ಇವತ್ತ ಒಯ್ತೇನಿ!” ಎಂದು ಕೂಗಿ, ಐವತ್ತು ದಾಟಿದ ಹೆಡ್ ಕ್ಲಾರ್ಕರು ಕೋಲು ಹಿಡಿದೇ ಅದರ ಹಿಂದೆ ಓಡಿದರು.