ಧೂಳೆಂದು ಒರೆಸಿದ ನಕ್ಷತ್ರಗಳು

"ಟಾರ್ಚ್ ಆರಿಸ್ರೀ! ಮೊದಲು ಆರಿಸಿ!"

ಬೆಳಗಿನ ಜಾವ ನಾಲ್ಕೂಮುಕ್ಕಾಲು. ಕಡಲಂಚಿನ ಬಂಡೆಯ ಮೇಲೆ, ಟ್ರೈಪಾಡಿಗೆ ಗಾಳಿ ತಾಗದಂತೆ ಬೆನ್ನೊಡ್ಡಿ ನಿಂತ ಹೆಂಗಸು ಕೂಗುತ್ತಾರೆ. ವಾಕಿಂಗಿಗೆ ಬಂದ ಮಹಾಶಯರು ಆರಿಸುವುದಿರಲಿ, ಟಾರ್ಚನ್ನು ನೇರ ಕ್ಯಾಮೆರಾಕ್ಕೇ ಹಿಡಿಯುತ್ತಾರೆ.

"ಏನಮ್ಮಾ, ಏನಾದ್ರೂ ಕಳ್ಕೊಂಡ್ರಾ? ಹುಡುಕಿ ಕೊಡ್ಲಾ?"

"ಹೂಂ ಸಾರ್, ಏಳು ನಿಮಿಷ ಕಳ್ದೋಯ್ತು. ಹುಡುಕಿ ಕೊಡಿ."

ಒಂದೇ ಚಿತ್ರಕ್ಕೆ ಎಂಟು ನಿಮಿಷ ಕಣ್ಣು ತೆರೆದಿರಬೇಕಾದ ಕ್ಯಾಮೆರಾ ಏಳನೆಯ ನಿಮಿಷದಲ್ಲಿ ಟಾರ್ಚಿನ ಬೆಳಕು ನುಂಗಿದೆ. ಚಿತ್ರ ಹಾಳು. ಬೆಳಕು ಹರಿಯುವ ಮೊದಲು ಇನ್ನೊಂದಕ್ಕಷ್ಟೇ ಸಮಯ.

ಊರಿನವರಿಗೆ ಇವರು ಹುಣ್ಣಿಮೆ ಅಕ್ಕ. ಹಗಲು ಬಸ್ ನಿಲ್ದಾಣದ ಹಿಂದೆ ಎಂಟಡಿ ಅಗಲದ ಅಂಗಡಿಯಲ್ಲಿ ಪಾಸ್‌ಪೋರ್ಟ್ ಸೈಜಿನ ಫೋಟೋ ತೆಗೆಯುತ್ತಾರೆ. ದಿನಕ್ಕೆ ಮೂವತ್ತು ಮುಖ, ಮೂವತ್ತೂ ಗಂಟುಮುಖ. ಹುಣ್ಣಿಮೆಯ ಆಸುಪಾಸಿನ ಮೂರು ರಾತ್ರಿ ಮಾತ್ರ ಸಮುದ್ರ. ಹತ್ತೊಂಬತ್ತು ವರ್ಷದಿಂದ ಹೀಗೇ. ರಾತ್ರಿಗೆ ಆರೇಳು ಚಿತ್ರ, ಉಳಿಯುವುದು ಒಂದು. ಮೋಡ ಕವಿದರೆ ಅದೂ ಇಲ್ಲ. ಬಂಡೆ ಜಾರಿ ಮಣಿಕಟ್ಟು ಮುರಿದಿದೆ. ಉಪ್ಪುಗಾಳಿಗೆ ಎರಡು ಕ್ಯಾಮೆರಾ ಕೈಕೊಟ್ಟಿವೆ.

"ಚಂದ್ರ ಕರೆದ್ರೆ ಓಡ್ತಾಳೆ. ನಾನು ಕರೆದ್ರೆ 'ಇರ್ರೀ, ಬಂದೆ' ಅಂತಾಳೆ," ಎನ್ನುತ್ತಾರೆ ಬಸ್ ಮೆಕ್ಯಾನಿಕ್ ಗಂಡ, ಟ್ರೈಪಾಡಿನ ತಿರುಪಿಗೆ ಗ್ರೀಸ್ ಹಚ್ಚುತ್ತ.

ಬೆಳದಿಂಗಳಲ್ಲಿ ಎಂಟು ನಿಮಿಷ ಕಣ್ಣು ಬಿಟ್ಟ ಕ್ಯಾಮೆರಾಕ್ಕೆ ಆಕಾಶ ನೀಲಿ, ಮರಳು ಬಿಳಿ. ಬಂಡೆಗೆ ನೆರಳೂ ಇರುತ್ತದೆ. ಥೇಟ್ ಹಗಲು. ರಾತ್ರಿ ಎನ್ನಲು ಉಳಿಯುವ ಗುರುತು ಒಂದೇ: ನೀಲಿಯ ತುಂಬ ಅಷ್ಟರಲ್ಲಿ ಸರಿದು, ಜೀರಿಗೆ ಕಾಳಿನಂತೆ ತುಸು ಉದ್ದವಾದ ನಕ್ಷತ್ರಗಳು.

ಊರಿನ ಗ್ರಂಥಾಲಯ ತನ್ನ ಓದುವ ಕೋಣೆಗೆ 'ನಮ್ಮೂರ ರಾತ್ರಿ' ಎಂದು ಒಂದು ದೊಡ್ಡ ಚಿತ್ರ ಕೇಳಿತು. ಅಕ್ಕನ ಚಿತ್ರ ಗೋಡೆ ಏರುವ ಮೊದಲ ಅವಕಾಶ. ಪ್ರಿಂಟ್ ಹಾಕಿ, ಚೌಕಟ್ಟು ಕಟ್ಟಿ, ನೇರ ಗ್ರಂಥಾಲಯಕ್ಕೇ ತಲುಪಿಸಿ ಎಂದು ಪ್ರಿಂಟಿನ ಅಂಗಡಿಗೆ ಒಪ್ಪಿಸಿದರು. ಅಲ್ಲಿನ ಹಿರಿಯ ಕೆಲಸಗಾರ ಮದುವೆ ಫೋಟೋಗಳ ಕಲೆ ಅಳಿಸಿ ಅಳಿಸಿ ಪಳಗಿದ ಕೈ. ಈ ಆಕಾಶವನ್ನೂ ಬಿಡಲಿಲ್ಲ. ಗ್ರಂಥಾಲಯಕ್ಕೆ ತಲುಪಿಸಿದ ಮೇಲೆ ಅಕ್ಕನಿಗೆ ಹೆಮ್ಮೆಯಿಂದ ಹೇಳಿದ:

"ಭಾರೀ ಧೂಳಿತ್ತು ಮೇಡಂ, ಮುನ್ನೂರು ಚುಕ್ಕೆ ಮೇಲೇನೇ. ಒಂದೊಂದೇ ಕೂತು ತೆಗ್ದೆ. ನೀವು ನಮ್ಮವರು ಅಂತ ಅದಕ್ಕೆ ಬೇರೆ ಚಾರ್ಜೂ ಹಾಕಿಲ್ಲ!"

ಇಂಥ ಉಪಕಾರಕ್ಕೆ ಏನು ಹೇಳುವುದು? ರಾತ್ರಿ ಕೇಳಿದ್ದೆವು, ಹಗಲು ಕಳಿಸಿದ್ದೀರಿ ಎಂದು ಗ್ರಂಥಾಲಯದ ಆಯ್ಕೆ ಸಮಿತಿ ಚೀಟಿ ಕಳಿಸಿತು. ಅಕ್ಕ ಪ್ರಿಂಟಿನವನ ಹೆಗಲ ಹಿಂದೆಯೇ ನಿಂತು, ಒಂದು ಚುಕ್ಕೆಯನ್ನೂ ಮುಟ್ಟಗೊಡದೆ ಇನ್ನೊಂದು ಪ್ರತಿ ತೆಗೆಸಿದರು. ಚಿತ್ರ ಒಪ್ಪಿಸುವ ಕಡೇ ದಿನ ತಾವೇ ಹೊತ್ತುಕೊಂಡು ಹೋದರು. ಸಮಿತಿಯ ಅಧ್ಯಕ್ಷರು ಕನ್ನಡಕ ಏರಿಸಿದರು.

"ಹೋದ ವಾರ ನಕ್ಷತ್ರ ಇರ್ಲಿಲ್ಲ, ಈಗ ಇದಾವೆ. ಕಂಪ್ಯೂಟರಲ್ಲಿ ಹಾಕಿಸ್ಕೊಂಡ್ರಾ?"

"ಇಲ್ಲ ಸಾರ್, ಕಂಪ್ಯೂಟರಲ್ಲಿ ತೆಗ್ದಿದ್ರು. ನಂಬಿಕೆ ಇಲ್ದಿದ್ರೆ ಈ ಹುಣ್ಣಿಮೆಗೆ ನನ್ ಜೊತೆ ಬನ್ನಿ. ಎಂಟೇ ನಿಮಿಷ."

"ರಾತ್ರಿ ಹೊತ್ತಾ? ನನಗೆ ಥಂಡಿ ಗಾಳಿ ಆಗಿಬರಲ್ಲಮ್ಮಾ."

ಸಮುದ್ರದ ಪಕ್ಕದಲ್ಲೇ ಅರವತ್ತು ವರ್ಷ ಬದುಕಿ, ಒಂದು ಹುಣ್ಣಿಮೆಗೂ ತಲೆ ಎತ್ತದವರು ನಮ್ಮೂರ ರಾತ್ರಿಯನ್ನು ಆರಿಸುತ್ತಾರೆ! ಕೊನೆಗೆ ಅಧ್ಯಕ್ಷರು ದೊಡ್ಡ ಮನಸ್ಸು ಮಾಡಿದರು. ಚಿತ್ರವೇನೋ ಚೆನ್ನಾಗಿದೆ, ನಕ್ಷತ್ರವಿಲ್ಲದ ಮೊದಲಿನ ಪ್ರತಿಯನ್ನೇ ಇಟ್ಟುಕೊಳ್ಳೋಣ. ಕೆಳಗೆ 'ಕಡಲ ಹಗಲು' ಎಂದು ಬರೆದುಕೊಟ್ಟರೆ ವರಾಂಡದಲ್ಲಿ ಹಾಕುತ್ತೇವೆ ಎಂದರು. ಪೆನ್ನನ್ನೂ ಮುಂದೆ ಚಾಚಿದರು.

ಅಕ್ಕ ಎರಡೂ ಪ್ರತಿಗಳನ್ನು ಹಳೇ ಬೆಡ್‌ಶೀಟಿನಲ್ಲಿ ಸುತ್ತಿ ಮನೆಗೆ ತಂದರು. ಈಗ ಅವು ಬೀರುವಿನ ಹಿಂದೆ ಗೋಡೆಗೊರಗಿ ನಿಂತಿವೆ. ವರಾಂಡವಾದರೂ ಸಿಗುತ್ತಿತ್ತಲ್ಲ ಎಂದರೆ ಅಕ್ಕ ರೇಗುತ್ತಾರೆ.

"ರಾತ್ರಿ ಮೂರು ಗಂಟೆಗೆ ಮೊಣಕಾಲುದ್ದ ನೀರಲ್ಲಿ ನಡುಗ್ತಾ ನಿಂತಿದ್ದು ನಾನು. ಅದನ್ನ ಹಗಲು ಅಂತ ನನ್ ಕೈಯಾರೆ ಹೆಂಗ್ರೀ ಬರೀಲಿ?"